ನಾಲ್ಕು ನಮೂನಿ ಮಂದಿ

ನಮ್ಮ ಮಾವನವರಿಗೆ ಪದ್ಮಾಸನ ಬರುವುದಿಲ್ಲ. ವಜ್ರಾಸನ ಬರುವುದಿಲ್ಲ. ಶವಾಸನ ಬರುತ್ತದೆ, ಆದರೆ ಅದರಿಂದ ಎದ್ದು ಬರುವುದು ಬರುವುದಿಲ್ಲ, ಗೊರಕೆ ಹೊಡೆಯುತ್ತಾರೆ. ಇಷ್ಟಾಗಿಯೂ ದಾಂಡೇಲಿಯಿಂದ ಮುಂಡಗೋಡದವರೆಗೆ ತಮ್ಮಂಥ ಯೋಗಿ ಇನ್ನೊಬ್ಬನಿಲ್ಲ ಎಂದು ಅವರ ಗಟ್ಟಿ ನಂಬಿಕೆ. ನಾನು ಅವರ ಸೊಸೆ. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಅಲ್ಲ ಎನ್ನುವ ಧೈರ್ಯ ನನಗಿಲ್ಲ. ಹೌದು ಎನ್ನಲು ಮನಸ್ಸು ಬರುವುದಿಲ್ಲ. ನೀವೇ ಓದಿ ತೀರ್ಮಾನ ಮಾಡಿ.

ಎಲ್ಲ ಶುರುವಾದದ್ದು ಅವರ ಬೀಪಿಯಿಂದ. ಉಪ್ಪು ಬಿಡಿ, ಸಿಟ್ಟು ಬಿಡಿ, ಯೋಗಕ್ಕೆ ಹೋಗಿ ಎಂದು ಡಾಕ್ಟರು ಹೇಳಿದರು. ಉಪ್ಪು ಬಿಡಲಿಲ್ಲ, ಸಿಟ್ಟಂತೂ ಬಿಡಲಿಲ್ಲ, ಯೋಗಕ್ಕೆ ಹೋದರು. ನಮ್ಮ ಓಣಿಯ ಸಮುದಾಯ ಭವನದಲ್ಲಿ ಒಬ್ಬ ನಿವೃತ್ತ ನರ್ಸ್ ಬೆಳಿಗ್ಗೆ ಹೇಳಿಕೊಡುತ್ತಿದ್ದರು. ಮೂರನೆಯ ದಿನ ಮಾವನವರು ವಜ್ರಾಸನದಲ್ಲಿ ಕೂತರು. ಕೂತರು ನೋಡಿ, ಅಷ್ಟೇ! ಏಳಲಾಗಲಿಲ್ಲ. ಇಬ್ಬರು ಗಂಡಸರು ಎರಡೂ ಕಂಕುಳಿಗೆ ಕೈ ಕೊಟ್ಟು ಸಾಗವಾನಿ ತೊಲೆ ಎತ್ತಿದ ಹಾಗೆ ಎತ್ತಿ ಕುರ್ಚಿಯಲ್ಲಿ ಇಟ್ಟರು.

ಆ ಮೇಡಂ ಒಳ್ಳೆಯವರು. ಮಾವನವರ ಮುಖ ಸಣ್ಣದಾದದ್ದು ಕಂಡು, ಮೈ ಬಗ್ಗಿಸುವುದಷ್ಟೇ ಯೋಗ ಅಲ್ಲ ಎಂದು ಸಮಾಧಾನ ಹೇಳಿದರಂತೆ. ನಮಗೆ ಭೆಟ್ಟಿಯಾಗುವ ಮಂದಿಯ ಜೊತೆ ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದೂ ಯೋಗವೇ. ಸುಖದಲ್ಲಿರುವವರನ್ನು ಕಂಡರೆ ಮೈತ್ರಿ, ದುಃಖದಲ್ಲಿರುವವರನ್ನು ಕಂಡರೆ ಕರುಣೆ, ಒಳ್ಳೆಯವರನ್ನು ಕಂಡರೆ ಮುದಿತ, ಅಂದರೆ ಸಂತೋಷ, ಕೆಟ್ಟವರನ್ನು ಕಂಡರೆ ಉಪೇಕ್ಷೆ. ಹೀಗಿದ್ದರೆ ಮನಸ್ಸು ಕೆರೆಯ ನೀರಿನಂತೆ ತಿಳಿಯಾಗಿರುತ್ತದೆ ಎಂದು ಮೇಡಂ ಹೇಳಿದರು.

ಪಾಪ, ಯಾರ ಮುಂದೆ ಹೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಮಾವನವರು ನೌಕರಿ ಇರುವತನಕ ಒಬ್ಬ ಗುತ್ತಿಗೆದಾರರ ನಾಟಾ ಡಿಪೋದಲ್ಲಿ ಮರದ ದರ್ಜೆ ಕಟ್ಟುತ್ತಿದ್ದವರು. ದಿಮ್ಮಿಯ ತುದಿ ನೋಡಿ, ಮೇಲೊಂದು ಪೆಟ್ಟು ಕೊಟ್ಟು, ಸದ್ದು ಕೇಳಿ ಇದು ಒಂದನೇ ದರ್ಜೆ, ಇದು ಎರಡನೇದು, ಇದು ಒಳಗೆ ಟೊಳ್ಳು ಎಂದು ಹೇಳಿ ಗುರುತು ಒತ್ತುವುದು ಅವರ ಕೆಲಸ. ಅಂಥವರ ಕೈಗೆ ಜಗತ್ತಿನ ಮಂದಿಯನ್ನು ನಾಲ್ಕು ಗುಂಪು ಮಾಡಿ ಕೊಟ್ಟರೆ ಏನಾಗಬೇಕು? ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ನಮ್ಮ ಓಣಿಯ ಅರ್ಧಕ್ಕೆ ದರ್ಜೆ ಕಟ್ಟಿ ಮುಗಿದಿತ್ತು.

ಹಾಲಿನವನು ಮೈತ್ರಿ. ಕಾಗದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದ ನನ್ನ ಗಂಡ ಕರುಣೆ. ಟೊಮೆಟೊ ಆರಿಸಿ ಕೊಡುವ ಕಾಯಿಪಲ್ಲೆ ಮುದುಕಿ ಮುದಿತ. ನನ್ನದು ಯಾವ ಗುಂಪು ಎಂದು ಕೇಳಿದ್ದಕ್ಕೆ, ಸಾಲಿಯಿಂದ ಬಂದಾಗ ಒಂದು, ಚಹಾ ಕುಡಿದ ಮೇಲೆ ಇನ್ನೊಂದು ಎಂದರು. ನಾನು ಪ್ರಾಥಮಿಕ ಶಾಲೆಯ ಟೀಚರು. ತಕರಾರು ಮಾಡಲಿಲ್ಲ, ಮಾತು ಖರೆಯೇ ಇತ್ತು.

ಮೊದಲು ಕರುಣೆಯ ಸುದ್ದಿ ಹೇಳುತ್ತೇನೆ. ಒಂದು ಸಲ ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ದಾಂಡೇಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಒಬ್ಬ ನಡುವಯಸ್ಸಿನ ರೈತ ಅಂಗವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಒರೆಸಿದಷ್ಟೂ ನೀರು. ಮಾವನವರು ಹೋಗಿ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡರು. ಹುಟ್ಟಿದವರಿಗೆ ಸಾವು ತಪ್ಪಿದ್ದಲ್ಲ, ಹೋದವರು ಹೋದರು, ಇದ್ದವರು ಗಟ್ಟಿಯಾಗಬೇಕು ಎಂದು ಅರ್ಧ ತಾಸು ಸಮಾಧಾನ ಹೇಳಿದರು. ಅಷ್ಟರಲ್ಲಿ ಎರಡು ಬಸ್ಸು ಹೋದವು. ಕೊನೆಗೆ ಆ ಮನುಷ್ಯ ಬಹಳ ಸೌಜನ್ಯದಿಂದ ಕೇಳಿದನಂತೆ:

“ಯಾರು ಹೋಗ್ಯಾರ್ರಿ? ಕಣ್ಣಿನ ಡಾಕ್ಟರ್ ಹತ್ರ ಬಂದಿದ್ದೆ, ಔಷಧ ಹಾಕ್ಯಾರ. ಬೋರ್ಡ್ ಕಾಣವಲ್ದು. ನಮ್ಮೂರ ಸಾಂಬ್ರಾಣಿ ಬಸ್ ಯಾವುದು ಹೇಳ್ರಿ ಸಾಕು.”

ಬೇರೆ ಯಾರಾದರೂ ಆಗಿದ್ದರೆ ನಾಚಿ ಎದ್ದು ಹೋಗುತ್ತಿದ್ದರು. ಮಾವನವರು? ಬೋರ್ಡ್ ಕಾಣದವನಿಗೆ ದಾರಿ ಹೇಗೆ ಕಾಣುತ್ತದೆ ಎಂದು ತಾವೇ ಅವನನ್ನು ಕರೆದುಕೊಂಡು ಸಾಂಬ್ರಾಣಿ ಬಸ್ ಹತ್ತಿದರು! ಮನೆ ಮುಟ್ಟಿಸಿ, ಅಲ್ಲಿಯೇ ಉಂಡು, ದನದ ಕೊಟ್ಟಿಗೆ ನೋಡಿ, ಅವನ ಹೆಂಡತಿಗೆ ಔಷಧ ಯಾವಾಗ ಹಾಕಬೇಕೆಂದು ಮೂರು ಸಲ ತಿಳಿಸಿ, ಸಂಜೆ ಒಂದು ದೊಡ್ಡ ಕುಂಬಳಕಾಯಿ ಹೊತ್ತುಕೊಂಡು ಬಂದರು. ನಾವೆಲ್ಲ ಫೋನ್ ಮಾಡಿ ಮಾಡಿ ಸುಸ್ತಾಗಿದ್ದೆವು. ಎಲ್ಲಿ ಹೋಗಿದ್ದಿರಿ ಎಂದರೆ, ಕರುಣೆ ದೂರ ಇತ್ತು ಎಂದರು.

ಮುದಿತದ ಸುದ್ದಿ ಇನ್ನೂ ಬೇರೆ. ನನ್ನ ಸ್ಕೂಟರು ಒಂದು ದಿನ ಶುರುವಾಗಲಿಲ್ಲ. ಮಾವನವರು ಅದನ್ನು ತಳ್ಳಿಕೊಂಡು ದಾದಾಪೀರನ ಗ್ಯಾರೇಜಿಗೆ ಹೋದರು. ದಾದಾಪೀರ ನಮ್ಮ ಬಜಾರಿನ ಮೆಕ್ಯಾನಿಕ್, ನಲವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಅವನು ಬಗ್ಗಿ ನೋಡಿದ, ಪೆಟ್ರೋಲಿನ ನಳ ಬಂದ್ ಆಗಿತ್ತು, ತಿರುವಿದ, ಗಾಡಿ ಶುರುವಾಯಿತು. ಇದಕ್ಕೇನೂ ಕೊಡಬೇಡಿ ಎಂದು ಕಳಿಸಿದ. ಆಯಿತಲ್ಲ? ಆಗಲಿಲ್ಲ. ಇಂಥ ಒಳ್ಳೆಯ ಮನುಷ್ಯನನ್ನು ಕಂಡು ಸಂತೋಷಪಡದಿದ್ದರೆ ಯೋಗ ಯಾಕೆ ಎಂದು ಮಾವನವರು ಮರುದಿನವೂ ಹೋದರು. ಅದರ ಮರುದಿನವೂ ಹೋದರು. ಒಂದು ಸ್ಟೂಲ್ ಹಾಕಿಕೊಂಡು ಎದುರಿಗೆ ಕೂತು ಅವನನ್ನೇ ನೋಡುತ್ತ ಸಂತೋಷಪಡತೊಡಗಿದರು.

ವಾರದ ಕೊನೆಗೆ ದಾದಾಪೀರ ನಮ್ಮ ಮನೆಯ ಗೇಟಿಗೆ ಬಂದು ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

“ಅಕ್ಕಾರ, ನನ್ನಿಂದ ಏನರೆ ತಪ್ಪಾಗೇತೇನ್ರಿ?” ಎಂದ. “ಕಾಕಾ ದಿನಾ ಬರ್ತಾರ. ನನ್ನ ನೋಡ್ತಾರ, ನಗತಾರ. ಏನೂ ಅನ್ನೂದಿಲ್ಲ. ನನಗ ಕೆಲಸದಾಗ ಲಕ್ಷ್ಯ ಹತ್ತವಲ್ದು.”

ನಾನು ನಾಲ್ಕು ಗುಂಪಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಅವನು ನಿಂತು ಕೇಳಿದ, ಗಡ್ಡ ಕೆರೆದುಕೊಂಡ, ಸರಿ ಎಂದು ಹೋದ. ಮರುದಿನ ಮಾವನವರು ಹೋದಾಗ ಒಂದು ದೊಡ್ಡ ಡಬ್ಬಿಯ ತುಂಬ ಕಲಸಿಹೋದ ನಟ್ಟು ಬೋಲ್ಟು ಅವರ ಮುಂದೆ ಸುರಿದು, ಅಳತೆಯ ಪ್ರಕಾರ ಬೇರೆ ಮಾಡಿ ಕೊಡುತ್ತೀರಾ ಎಂದು ಕೇಳಿದನಂತೆ. ದರ್ಜೆ ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಉಂಟೇ? ಈಗ ಮಾವನವರು ವಾರಕ್ಕೆ ಎರಡು ದಿನ ಅಲ್ಲಿರುತ್ತಾರೆ. ದಾದಾಪೀರ ನಿರಾಳವಾಗಿ ಗಾಡಿ ಬಿಚ್ಚುತ್ತಾನೆ, ಮಾವನವರು ನಿರಾಳವಾಗಿ ನಟ್ಟು ಆರಿಸುತ್ತಾರೆ. ಈಚೆಗೆ ಅವರ ಬೀಪಿ ಇಳಿದದ್ದು ಯಾವ ಆಸನದಿಂದ ಎಂದು ಡಾಕ್ಟರು ಕೇಳಿದಾಗ ನಾವು ಸ್ಟೂಲ್ ಆಸನ ಎಂದೆವು.

ಇನ್ನು ಉಪೇಕ್ಷೆ. ನಾಲ್ಕರಲ್ಲಿ ಅವರಿಗೆ ಬಹಳ ಕಠಿಣವಾದದ್ದು ಇದೇ. ಪಕ್ಕದ ಮನೆಯವರು ಆದಿತ್ಯವಾರ ಜೀಪು ತೊಳೆದರೆ ಕೆಸರಿನ ನೀರೆಲ್ಲ ನಮ್ಮ ಗೇಟಿನೊಳಗೆ ಬರುತ್ತದೆ. ಮೊದಲಾದರೆ ಮಾವನವರು ಜಗಳ ತೆಗೆಯುತ್ತಿದ್ದರು. ಓಣಿಯೇ ಹೊರಗೆ ಬಂದು ನಿಲ್ಲುತ್ತಿತ್ತು. ಯೋಗಿಯಾದ ಮೇಲೆ ಜಗಳ ಬಿಟ್ಟರು. ಗೇಟಿಗೆ ಹೋಗಿ ನಿಂತು ಎಲ್ಲರಿಗೂ ಕೇಳುವಂತೆ, “ನಾ ನಿಮ್ಮನ್ನ ಉಪೇಕ್ಷಾ ಮಾಡಾಕತ್ತೇನಿ, ತಿಳೀತೇನು? ಈಗ ಅರ್ಧಾ ತಾಸಾತು, ಉಪೇಕ್ಷಾ ನಡದೈತಿ,” ಎಂದು ಹೇಳುತ್ತಿದ್ದರು. ಓಣಿ ಈಗಲೂ ಹೊರಗೆ ಬಂದು ನಿಲ್ಲುತ್ತಿತ್ತು.

ನಮ್ಮ ಅತ್ತೆಯವರು ಬಾಗಿಲಲ್ಲಿ ನಿಂತು ಒಂದೇ ಮಾತಿನಲ್ಲಿ ಮುಗಿಸಿದರು: “ಉಪೇಕ್ಷಾ ಅಂದ್ರ ಸುಮ್ಮನ ಇರೂದ್ರಿ. ಡಂಗುರಾ ಸಾರೂದಲ್ಲ.”

ಅತ್ತೆಯವರ ಬಗ್ಗೆ ಹೇಳಲೇಬೇಕು. ಅವರ ಮಾತಿಗೆ ಮೊನೆ ಇದೆ, ಆದರೆ ಯಾರಿಗೂ ಚುಚ್ಚಿಕೊಂಡು ಉಳಿಯುವುದಿಲ್ಲ. ಗಂಡ ಜಗತ್ತಿಗೆಲ್ಲ ದರ್ಜೆ ಕಟ್ಟುತ್ತ ತಿರುಗಿದರೂ ಅವರು ತಮ್ಮ ದರ್ಜೆ ಯಾವುದೆಂದು ಒಂದು ದಿನವೂ ಕೇಳಲಿಲ್ಲ. ಮಾವನವರೂ ಹೇಳಲಿಲ್ಲ. ನಲವತ್ತು ವರ್ಷ ಒಂದೇ ಒಲೆಯ ಅಡಿಗೆ ಉಂಡವರು. ಮನೆಯ ಗೋಡೆಗೆ ಯಾರಾದರೂ ಗುರುತು ಒತ್ತುತ್ತಾರೆಯೇ?

ಉಪೇಕ್ಷೆಯ ಗುಂಪಿನಲ್ಲಿ ಪಕ್ಕದ ಮನೆಯವರು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬ ಮನುಷ್ಯನ ಜಾಗ ಮಾತ್ರ ಕಾಯಂ ಇತ್ತು. ಅವರು ಡಿಪೋದ ಹಳೆಯ ಮ್ಯಾನೇಜರು. ನನ್ನ ಗಂಡ ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಾಗ ನಡೆದದ್ದು ಇದು. ಎರಡನೇ ದರ್ಜೆಯ ದಿಮ್ಮಿಗಳ ಒಂದು ಲಾಟಿಗೆ ಒಂದನೇ ದರ್ಜೆಯ ಗುರುತು ಒತ್ತು ಎಂದು ಮ್ಯಾನೇಜರು ಹೇಳಿದರು. ಮಾವನವರು ಒತ್ತಲಿಲ್ಲ. ಮುಂದಿನ ವಾರವೇ ಅವರನ್ನು ಜೋಯಿಡಾದ ಆಚೆ ಕಾಡಿನೊಳಗಿದ್ದ ಇನ್ನೊಂದು ಡಿಪೋಕ್ಕೆ ಹಾಕಿದರು. ದಿನಕ್ಕೆ ಒಂದೇ ಬಸ್ಸು, ಮಳೆಗಾಲದಲ್ಲಿ ಅದೂ ಇಲ್ಲ. ಮ್ಯಾನೇಜರು ಬೇರೆ ಊರಿಗೆ ಹೋಗುವವರೆಗೆ, ನಾಲ್ಕು ವರ್ಷ, ಮಾವನವರು ಅಲ್ಲಿಯೇ ಇದ್ದರು. ಕೊಂಕಣಿ ಕಲಿತರು, ಸಿಟ್ಟು ಕಲಿತರು. ತಿಂಗಳಿಗೊಮ್ಮೆ ಗೆಣಸಿನ ಚೀಲ ಹೊತ್ತು ಮನೆಗೆ ಬರುತ್ತಿದ್ದರು. ಅಪ್ಪ ಅಂದರೆ ಗೆಣಸು ಮಾರುವವನು ಎಂದು ನನ್ನ ಗಂಡ ಸಾಲಿಯಲ್ಲಿ ಹೇಳಿದ್ದನಂತೆ. ನನ್ನ ನಾದಿನಿ ಹುಟ್ಟಿದ್ದು ಆ ವರ್ಷಗಳಲ್ಲೇ. ಆಗ ಮಳೆಗಾಲ, ಬಸ್ಸಿರಲಿಲ್ಲ; ಮಾವನವರು ಮಗಳನ್ನು ಮೊದಲ ಸಲ ಕಂಡಾಗ ಅವಳಿಗೆ ಎರಡು ತಿಂಗಳು.

ಈ ಕಥೆಯನ್ನು ಮಾವನವರು ನಮಗೆ ಎಷ್ಟು ಸಲ ಹೇಳಿದ್ದಾರೋ! ಅತ್ತೆಯವರು ಅದು ಬಂದಾಗಲೆಲ್ಲ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಕೇಳಿ ಕೇಳಿ ಬೇಸರವಾಗಿರಬೇಕು ಎಂದು ನಾನು ತಿಳಿದಿದ್ದೆ.

ಕಳೆದ ಚಳಿಗಾಲದಲ್ಲಿ ನಾವು ನಾಲ್ವರೂ ಸನವಳ್ಳಿಗೆ, ನನ್ನ ತವರಿಗೆ, ಹೋಗಿದ್ದೆವು. ಮರುದಿನ ಮುಂಜಾನೆ ಹತ್ತಿರದ ಅತ್ತಿವೇರಿ ಕೆರೆಗೆ ಹಕ್ಕಿ ನೋಡಲು ಹೋದೆವು. ನೀರಿನ ನಡುವಿನ ಗಿಡಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಚಮಚದಂಥ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಗಳು. ಮಾವನವರು ಸುಮ್ಮನೆ ನೋಡುವವರೇ? ಇದು ಒಂದನೇ ದರ್ಜೆ, ಇದು ಎರಡನೇದು ಎಂದು ಹಕ್ಕಿಗಳಿಗೂ ಗಟ್ಟಿಯಾಗಿ ದರ್ಜೆ ಕಟ್ಟತೊಡಗಿದರು. ಆಗ ಪಕ್ಕದ ಕಲ್ಲುಬೆಂಚಿನಿಂದ ಯಾರೋ, ಈ ದನಿ ಎಲ್ಲೋ ಕೇಳೇನಲ್ಲ ಎಂದರು.

ತಿರುಗಿ ನೋಡಿದರೆ ದುಂಡಗಿನ ಒಬ್ಬ ಮುದುಕರು. ತಲೆಗೆ ಉಣ್ಣೆಯ ಟೋಪಿ, ತೊಡೆಯ ಮೇಲೆ ಚಿಕ್ಕ ಮೊಮ್ಮಗಳು, ಕೈಯಲ್ಲಿ ತಿಂಡಿಯ ಡಬ್ಬಿ. ಮುಖದ ತುಂಬ ನಗು. ಮಾವನವರ ಮುಖ ಕಂಡು ನನಗೆ ಗೊತ್ತಾಯಿತು. ಮ್ಯಾನೇಜರು!

ಮುದುಕರಿಗೆ ಭೆಟ್ಟಿಯಾದದ್ದು ನಿಜಕ್ಕೂ ಖುಷಿಯಾಗಿತ್ತು. ಅದೇ ನನಗೆ ತಡೆಯಲಿಕ್ಕಾಗಲಿಲ್ಲ. ಮಗ ಸೊಸೆ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಮೊಮ್ಮಗಳು ಚುರುಕು, ಸಕ್ಕರೆ ಕಾಯಿಲೆಯೂ ಇಲ್ಲ ಎಂದು ಸಂತೋಷದಿಂದ ಹೇಳಿದರು. ಡಿಪೋದ ದಿನಗಳು ಎಷ್ಟು ಚೆನ್ನಾಗಿದ್ದವು ಎಂದರು. ಆಮೇಲೆ ಹುಬ್ಬು ಗಂಟು ಹಾಕಿ ನೆನಪು ಮಾಡಿಕೊಂಡರು.

“ನಿಮ್ಮನ್ನ ಎಲ್ಲೋ ಹೊರಗ ಹಾಕಿದ್ವಿ ಅಲ್ಲಾ? ಜೋಯಿಡಾ ಕಡೆ? ಹವಾ ಭಾಳ ಚಲೋ ನೋಡ್ರಿ ಅಲ್ಲಿ.”

ನಾನು ಬಾಯಿ ತೆರೆದೆ. ಮಾವನವರು ನನ್ನ ಕಡೆ ನೋಡದೆಯೇ ಕೈಯೆತ್ತಿ ತಡೆದರು. ಅವರ ಕುತ್ತಿಗೆಯ ನರ ಎದ್ದು ನಿಂತಿತ್ತು.

“ಹೌದ್ರಿ,” ಎಂದರು. “ಹವಾ ಚಲೋ ಇತ್ರಿ.”

ಆಮೇಲೆ ಅವರು ಮಾಡಿದ್ದು ನೋಡಿ! ಆ ಮಗುವಿಗೆ ಹಕ್ಕಿ ಕಾಣುತ್ತಿರಲಿಲ್ಲ. ಮಾವನವರು ತಮ್ಮ ದುರ್ಬೀನನ್ನು ಅವಳ ಕಣ್ಣಿಗೆ ಹಿಡಿದು, ಎಡಕ್ಕೆ ನೋಡು, ಗಿಡದ ತುದಿಗೆ ನೋಡು ಎಂದು ಒಂದೊಂದೇ ತೋರಿಸಿದರು. ನಮ್ಮ ಡಬ್ಬಿಯ ಅಂಟಿನುಂಡಿ ಅವರಿಗೆ, ಅವರ ಡಬ್ಬಿಯ ಚಕ್ಕಲಿ ನಮಗೆ ಆಯಿತು. ಮುದುಕರು ಹೋಗುವಾಗ ಮಾವನವರ ಎರಡೂ ಕೈ ಹಿಡಿದು ಕುಲುಕಿದರು. ಈ ಗದ್ದಲದಲ್ಲಿ ಅತ್ತೆಯವರನ್ನು ಯಾರೂ ನೋಡಿರಲಿಲ್ಲ. ಅವರು ದೂರದಲ್ಲಿ ನಮಗೆ ಬೆನ್ನು ಮಾಡಿ, ಸೆರಗು ಹೊದ್ದು ನಿಂತಿದ್ದರು.

ಕಾರಿನಲ್ಲಿ ಮಾವನವರಿಗೆ ಎಲ್ಲಿಲ್ಲದ ಉಮೇದು. ನಾನೇ ಕೇಳಿದೆ, ಆ ಮನುಷ್ಯನಿಗೆ ಒಂದು ಮಾತಾದರೂ ಅನ್ನಬಾರದಿತ್ತೇ ಎಂದು. ಅದಕ್ಕೆ ಅವರು ತಿಳಿಸಿ ಹೇಳಿದರು. ಇಷ್ಟು ವರ್ಷ ಆ ಮನುಷ್ಯನನ್ನು ಕೆಟ್ಟವನು ಎಂದು ನಾಲ್ಕನೇ ಗುಂಪಿಗೆ ಹಾಕಿದ್ದೆ. ಇವತ್ತು ಕಂಡದ್ದು ಸುಖದಲ್ಲಿದ್ದ ಒಬ್ಬ ಮುದುಕ. ಸುಖದಲ್ಲಿದ್ದವರ ಜೊತೆ ಮೈತ್ರಿ ಸುಲಭ ಎಂದು ತಿಳಿದಿದ್ದೆ, ಎಲ್ಲಕ್ಕಿಂತ ಕಠಿಣ ಅದೇ. ನಮಗೆ ಕೇಡು ಮಾಡಿದವನು ಸುಖದಲ್ಲಿದ್ದರೆ? ಅದನ್ನು ಮರೆತೂ ಬಿಟ್ಟಿದ್ದರೆ? ಆದರೂ ಆಯಿತು, ಎದೆ ಹಗುರಾಯಿತು ಎಂದರು. ಮೇಡಂ ಮುಂದೆ ಹೇಳಬೇಕು, ಪರೀಕ್ಷೆ ಪಾಸಾಯಿತು ಎಂದರು. ಮುಂಡಗೋಡ ದಾಟಿತು, ಹಳಿಯಾಳ ದಾಟಿತು, ಅವರ ಮಾತು ನಿಲ್ಲಲಿಲ್ಲ. ಅತ್ತೆಯವರು ಕಿಟಕಿಯ ಕಡೆ ಮುಖ ಮಾಡಿ ಕೂತವರು ಒಂದು ಶಬ್ದ ಆಡಲಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

ಸಂಜೆ ಮನೆಗೆ ಬಂದವರೇ ಅತ್ತೆಯವರು ಅಡಿಗೆಮನೆ ಸೇರಿ ಜೋಳದ ಹಿಟ್ಟು ನಾದತೊಡಗಿದರು. ನಾನು ಪಲ್ಲೆ ಹೆಚ್ಚುತ್ತಿದ್ದೆ. ಮಾವನವರು ಬಾಗಿಲಿಗೆ ಬಂದು ನಿಂತು, ನನ್ನ ಮೇಲೆ ಸಿಟ್ಟೇನು, ಅವನ ಜೊತೆ ನಗನಗುತ್ತ ಮಾತಾಡಿದೆ ಅಂತ, ಎಂದು ಕೇಳಿದರು. ಅತ್ತೆಯವರು ಸಿಟ್ಟಿಲ್ಲ ಎಂದರು. ರೊಟ್ಟಿ ಬಡಿದು ಹಂಚಿಗೆ ಹಾಕಿದರು, ನೀರು ಸವರಿದರು. ಆಮೇಲೆ ಬೆನ್ನು ತಿರುಗಿಸದೆಯೇ ಹೇಳಿದರು:

“ನಾಲ್ಕು ವರ್ಷ ನೀವು ಜೋಯಿಡಾದಾಗ ಇದ್ರಿ. ಅದನ್ನ ನೂರು ಸಲ ಹೇಳೀರಿ. ಆ ನಾಲ್ಕು ವರ್ಷ ನಾ ಎಲ್ಲಿದ್ದೆ ಅಂತ ಒಂದು ದಿನಾನೂ ಕೇಳಲಿಲ್ರಿ.”

ಮಾವನವರು ಗೋಡೆಗೆ ಒರಗಿಸಿದ್ದ ಸ್ಟೂಲನ್ನು ಎಳೆದುಕೊಂಡು ಒಲೆಯ ಪಕ್ಕಕ್ಕೆ ಕೂತರು.

“ಹೇಳು,” ಎಂದರು. “ಈಗ ಕೇಳತೇನಿ.”

ಅತ್ತೆಯವರು ಹೇಳಿದರು. ಗಂಡನನ್ನು ಊರಿಗೆ ಮರಳಿ ಹಾಕಿ ಎಂದು ಕೇಳಲು ಅವರು ಮೂರು ಸಲ ಆ ಮ್ಯಾನೇಜರ ಆಫೀಸಿಗೆ ಹೋಗಿದ್ದರಂತೆ, ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು. ಮೂರು ಸಲವೂ ಹೊರಗಿನ ವರಾಂಡದ ಬೆಂಚಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕೂರಿಸಿ, ಒಳಗೆ ಕರೆಯದೆ ಕಳಿಸಿದ್ದರು. ಮೂರನೇ ಸಲ ಮ್ಯಾನೇಜರು ಎದುರಿಗೇ ಹಾದು ಹೋಗಿ ಮನೆಗೆ ಹೊರಟರಂತೆ. ಇವತ್ತು ಕೆರೆಯ ದಂಡೆಯಲ್ಲಿಯೂ ಅವರು ನನ್ನ ಮೇಲೆ ಕಣ್ಣು ಹಾಯಿಸಿ ಗುರುತಿಲ್ಲದೆ ಬಿಟ್ಟ ಮೇಲೆಯೇ ನಾನು ದೂರ ಸರಿದದ್ದು, ಅವರಿಗೆ ನನ್ನ ಮಾರಿ ಆಗಲೂ ಗೊತ್ತಿರಲಿಲ್ಲ, ಈಗಲೂ ಇಲ್ಲ ಎಂದರು. ಈ ಸುದ್ದಿ ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಮಾವನವರು ಕೇಳಿದರು. ನೀವು ತಿಂಗಳಿಗೊಮ್ಮೆ ಸೋತು ಬರುತ್ತಿದ್ದಿರಿ, ಇದೊಂದು ಮೇಲೆ ಯಾಕೆ ಎಂದರು ಅತ್ತೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಬೇರೆಯೇ ದನಿಯಲ್ಲಿ ಹೇಳಿದರು.

“ನಿಮ್ಮ ಮಗಳು ಮೊದಲ ಹೆಜ್ಜಿ ಇಟ್ಟದ್ದು ಅಲ್ಲೇರಿ. ಆ ವರಾಂಡಾದಾಗ. ಬೆಂಚ್ ಬಿಟ್ಟು ಒಬ್ಬಾಕಿನ ನಡದ್ಲು. ಬೆಂಚಿನ ಸುದ್ದಿ ಹೇಳಲಾರದ ಹೆಜ್ಜಿ ಸುದ್ದಿ ಹೆಂಗ ಹೇಳಲಿ? ಅದಕ್ಕ ಅದೂ ಉಳೀತು.”

ಮಾವನವರು ಕಣ್ಣು ಒರೆಸಿಕೊಳ್ಳಲಿಲ್ಲ. ನೀರು ಸುಮ್ಮನೆ ಇಳಿಯುತ್ತಿತ್ತು. ನಾನು ಎದ್ದು ಹೊರಗೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಅವರು ಮಗುವಿನಂತೆ ಕೇಳಿದರು:

“ಎಷ್ಟು ಹೆಜ್ಜಿ ನಡದ್ಲು?”

“ಏಳು. ಎಂಟನೇದಕ್ಕ ಬಿದ್ಲು. ಅಳಲಿಲ್ಲ, ನಕ್ಕಳು.”

“ಇಷ್ಟು ವರ್ಷ ನೆನಪಿಟ್ಟೀಯಲ್ಲ, ಎಣಿಸಿದ್ದೆಯೇನು?”

ಅತ್ತೆಯವರು ಒಲೆ ಸಣ್ಣ ಮಾಡಿ, ಆಗ ಅವರ ಕಡೆ ತಿರುಗಿದರು.

“ನಿಮಗ ಹೇಳಬೇಕಲ್ಲಾ ಅಂತ ಎಣಿಸಿದ್ದೆ.”